ಕಳವಾಗದ ಸ್ಕೂಟರಿಗೂ ಎಫ್‌ಐಆರ್ ಬೇಕು

ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರು ನಿಲ್ಲಿಸಿದ ಜಾಗದಲ್ಲಿಲ್ಲ. ಪಾಗಾರದ ಆಚೆ, ಓಣಿಯ ತಿರುವಿನಲ್ಲಿ ಮಗುಚಿ ಬಿದ್ದಿದೆ. ಹ್ಯಾಂಡಲ್ ಲಾಕ್ ಮುರಿದಿದೆ, ಕೀ ಹಾಕುವ ಜಾಗವನ್ನು ಕೆದಕಿದ ಗುರುತಿದೆ, ಒಳಗಿನ ವಯರು ಹೊರಗೆ ಜೋತಾಡುತ್ತಿದೆ. ಪಕ್ಕದ ಮನೆಯ ನಾಯಿ ಬೊಗಳಿತೋ, ಪೇಪರ್ ಹಾಕುವ ಹುಡುಗನ ಬೈಕಿನ ಬೆಳಕು ಬಿತ್ತೋ, ಬಂದವನು ಬಿಟ್ಟು ಓಡಿದ್ದಾನೆ. ಬಿಜೈಯಾಗಲಿ, ಕೊಟ್ಟಾರವಾಗಲಿ, ಮರೋಳಿ, ಕುಲಶೇಖರ, ಅತ್ತಾವರವಾಗಲಿ, ಆಮೇಲೆ ಕೇಳಿಬರುವ ಮಾತು ಒಂದೇ: "ಏನೂ ಹೋಗಲಿಲ್ಲವಲ್ಲ ಮಾರಾಯ್ರೇ, ಪುಣ್ಯ. ಇನ್ನು ಸ್ಟೇಷನ್ನಿಗೆ ಯಾಕೆ ಅಲೆಯುವುದು?" ಮೆಕ್ಯಾನಿಕ್ ಬರುತ್ತಾನೆ, ಮಧ್ಯಾಹ್ನಕ್ಕೆ ಗಾಡಿ ರಿಪೇರಿಯಾಗುತ್ತದೆ, ಸಂಜೆಗೆ ವಿಷಯ ಮರೆತುಹೋಗುತ್ತದೆ.

ಈ ಮಾತು ಮಂಗಳೂರಿಗೆ ಮಾಡುತ್ತಿರುವಷ್ಟು ಕೇಡನ್ನು ಒಬ್ಬ ಕಳ್ಳ ಮಾಡಲಾರ. ಓದಿದವರು ಹೇಳುತ್ತಾರೆ, ನಿವೃತ್ತ ಅಧಿಕಾರಿಗಳು ಹೇಳುತ್ತಾರೆ, ಫ್ಲ್ಯಾಟಿನ ಅಸೋಸಿಯೇಷನ್ನಿನವರು ಹೇಳುತ್ತಾರೆ. ದೂರು ಕೊಡಲು ಹೋದವರಿಗೆ ಠಾಣೆಯ ಮೇಜಿನ ಆಚೆಯಿಂದಲೂ ಎಷ್ಟೋ ಸಲ ಅದೇ ಮಾತು ಕೇಳಿಸುತ್ತದೆ. ಎಲ್ಲರೂ ಒಪ್ಪಿಕೊಂಡ ಮಾತಾದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಆ ಮಾತಿನಲ್ಲಿ ಒಂದು ಅಕ್ಷರವೂ ಸರಿಯಿಲ್ಲ.

ಮೊದಲು ಕಾನೂನನ್ನೇ ತೆಗೆದುಕೊಳ್ಳಿ. ಕಳವು ಎಂದರೆ ವಸ್ತು ಕೈಬಿಟ್ಟು ಹೋಗಿ ಮಾಯವಾಗಬೇಕು ಎಂದು ನಾವು ತಿಳಿದಿದ್ದೇವೆ. ಕಾನೂನು ಹಾಗೆ ಹೇಳಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 378ನೇ ಕಲಂ ಆಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಆಗಲಿ ಹೇಳುವುದು ಇಷ್ಟು: ಒಬ್ಬರ ಸ್ವಾಧೀನದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಕದಲಿಸಿದರೆ ಅದು ಕಳವು. ಆ ಕಲಮಿನ ಕೆಳಗೆ ಒಂದು ಉದಾಹರಣೆಯೂ ಇದೆ. ನಿಧಿಯ ಪೆಟ್ಟಿಗೆ ಹೊತ್ತ ಎತ್ತೊಂದು ಎದುರಾಗುತ್ತದೆ. ನಿಧಿ ಹೊಡೆಯುವ ಆಸೆಯಿಂದ ಒಬ್ಬ ಅದನ್ನು ಬೇರೆ ದಿಕ್ಕಿಗೆ ಅಟ್ಟುತ್ತಾನೆ. ಎತ್ತು ಕದಲಿದ ಕ್ಷಣಕ್ಕೇ ಕಳವು ಪೂರ್ಣವಾಯಿತು. ಎತ್ತು ಎಷ್ಟು ದೂರ ನಡೆಯಿತು, ನಿಧಿ ಅವನಿಗೆ ದಕ್ಕಿತೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ಹಾಗಿದ್ದ ಮೇಲೆ ನಿಮ್ಮ ಅಂಗಳದಿಂದ ಓಣಿಯ ತಿರುವಿನವರೆಗೆ ಹೋದ ಸ್ಕೂಟರಿನ ವಿಷಯದಲ್ಲಿ ಆದದ್ದೇನು? ಪ್ರಯತ್ನ ಅಲ್ಲ, ಕಳವೇ. ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ ನಿಮ್ಮ ಗೇಟಿನ ಮುಂದೆ ನಡೆದುಹೋಗಿದೆ, ನೀವು ಮೆಕ್ಯಾನಿಕ್‌ಗೆ ಫೋನು ಮಾಡುತ್ತಿದ್ದೀರಿ.

ಸರಿ, ಗಾಡಿ ಒಂದಿಂಚೂ ಕದಲಲಿಲ್ಲ, ಲಾಕ್ ಮಾತ್ರ ಮುರಿದಿದೆ ಅನ್ನೋಣ. ಆಗಲೂ ನ್ಯಾಯ ಸಂಹಿತೆಯ 62ನೇ ಕಲಂ ಇದೆ. ಜೈಲುಶಿಕ್ಷೆ ಇರುವ ಅಪರಾಧಕ್ಕೆ ಪ್ರಯತ್ನಿಸಿ, ಆ ದಿಕ್ಕಿನಲ್ಲಿ ಒಂದು ಕೆಲಸ ಮಾಡಿದರೂ ಸಾಕು, ಮೂಲ ಅಪರಾಧದ ಗರಿಷ್ಠ ಅವಧಿಯ ಅರ್ಧದಷ್ಟು ಜೈಲು ಕೊಡಬಹುದು. ಇದೂ ಹಳೆಯ ಸಂಹಿತೆಯಿಂದ ಬಂದದ್ದೇ. ಒಡವೆ ಇದೆಯೆಂದು ಪೆಟ್ಟಿಗೆ ಒಡೆದು ನೋಡಿದಾಗ ಖಾಲಿ ಇದ್ದರೂ ಒಡೆದವನು ತಪ್ಪಿತಸ್ಥ ಎಂದು ಅಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಖಾಲಿ ಪೆಟ್ಟಿಗೆಯ ಯಜಮಾನನಿಗೂ ನ್ಯಾಯ ಸಿಗಬೇಕೆಂದು ಕಾನೂನು ಬರೆದವರಿಗೆ ಗೊತ್ತಿತ್ತು. ನೂರ ಅರವತ್ತು ವರ್ಷ ಕಳೆದರೂ ನಮಗೇಕೆ ಗೊತ್ತಾಗಲಿಲ್ಲ?

ಹಾನಿ ಕಾನೂನಿನ ಪುಸ್ತಕಕ್ಕೆ ಮಾತ್ರವಲ್ಲ. ಲಾಕ್ ಮುರಿದು ಹೋದವನು ನಿಮ್ಮ ಬಗ್ಗೆ ಎಷ್ಟೆಲ್ಲ ತಿಳಿದುಕೊಂಡು ಹೋದ ಎಂದು ಯೋಚಿಸಿ. ಗೇಟಿಗೆ ಬೀಗ ಇಲ್ಲ. ಸಿಟೌಟಿನ ದೀಪ ಹನ್ನೊಂದಕ್ಕೆ ಆರುತ್ತದೆ. ನಾಯಿ ಇರುವುದು ಪಕ್ಕದ ಮನೆಯಲ್ಲಿ. ಸದ್ದಾದರೂ ಒಳಗಿನವರು ಹೊರಗೆ ಬರಲಿಲ್ಲ. ಹಿಂದಿನ ಬಾಗಿಲಿನ ಹತ್ತಿರ ಏಣಿ ಇದೆ, ತೆಂಗಿನ ಬುಡದಲ್ಲಿ ಹಾರೆ ಪಿಕಾಸಿ ಒರಗಿಸಿಟ್ಟಿದೆ. ಇಷ್ಟನ್ನು ತಿಳಿದವನು ಮುಂದಿನ ಸಲ ಬರಿಗೈಯಲ್ಲಿ ಬರುತ್ತಾನೆಯೇ? ಅಥವಾ ಸ್ಕೂಟರಿಗಷ್ಟೇ ಬರುತ್ತಾನೆಯೇ?

ಇದು ಊಹೆಯಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆ ಇದೆ. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತವಾಗಿತ್ತು. ಅಧ್ಯಯನಕ್ಕೆ ಹೋದವರು ಕಂಡದ್ದು, ಒಮ್ಮೆ ಕಳ್ಳರು ಕಣ್ಣಿಟ್ಟ ಮನೆಗೇ ಅವರು ಮತ್ತೆ ಬರುವ ಸಂಭವ ಉಳಿದ ಮನೆಗಳಿಗಿಂತ ಬಹಳ ಹೆಚ್ಚು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. ಆದ್ದರಿಂದ ಅವರು ಇಡೀ ಬಡಾವಣೆಗೆ ಭಾಷಣ ಬಿಗಿಯಲಿಲ್ಲ. ಕಳ್ಳ ಬಂದುಹೋದ ಮನೆಯ ಬಾಗಿಲು ಕಿಟಕಿಗಳನ್ನು ಕೂಡಲೇ ಭದ್ರಪಡಿಸಿದರು. ನಾಣ್ಯ ಹಾಕಿ ಬಳಸುವ ಮೀಟರುಗಳಲ್ಲಿ ದುಡ್ಡು ಕೂಡಿರುತ್ತಿತ್ತು, ಅವನ್ನು ತೆಗೆಸಿದರು. ಆ ಮನೆಯ ಸುತ್ತಲಿನ ಆರೇಳು ಮನೆಯವರನ್ನು ಮಾತ್ರ ಸೇರಿಸಿ, ಇಲ್ಲಿ ಹೀಗಾಗಿದೆ, ಸ್ವಲ್ಪ ಕಣ್ಣಿಡಿ ಎಂದರು. ಮೂರು ವರ್ಷದಲ್ಲಿ ಕಳ್ಳತನ ಹಿಂದಿನದರ ಕಾಲುಭಾಗಕ್ಕೆ ಇಳಿಯಿತು. ಅವರಿಗೆ ದೊಡ್ಡ ಯಂತ್ರ ಬೇಕಾಗಲಿಲ್ಲ. ಯಾವ ಮನೆಗೆ ಕಳ್ಳ ಬಂದಿದ್ದ ಎಂಬ ಮಾಹಿತಿ ಬೇಕಾಯಿತು. ನಾವು ಮುಚ್ಚಿಡುತ್ತಿರುವುದು ಅದೊಂದನ್ನೇ.

ಗಾಡಿ ಬೇರೆ, ಮನೆ ಬೇರೆ ಎಂದು ತಿಳಿದವರು 2024ರ ಜುಲೈ 9ರ ನಸುಕನ್ನು ನೆನಪಿಸಿಕೊಳ್ಳಲಿ. ಉರ್ವ ಠಾಣೆಯ ವ್ಯಾಪ್ತಿಯ ಕೋಟೆಕಣಿಯಲ್ಲಿ ತಂಡವೊಂದು ಮನೆಗೆ ನುಗ್ಗಿತು. ವೃದ್ಧ ದಂಪತಿಯ ಮೇಲೆ ಹಲ್ಲೆ ಮಾಡಿ ಒಡವೆ ದೋಚಿತು. ಹೋಗುವಾಗ ಹೊರಗೆ ಬೇರೆ ವಾಹನ ಕಾಯುತ್ತಿರಲಿಲ್ಲ. ಅದೇ ಮನೆಯ ಕಾರನ್ನೇ ಹತ್ತಿಕೊಂಡು ಹೋದರು. ಕಾರು ಮೂಲ್ಕಿಯಲ್ಲಿ ಸಿಕ್ಕಿತು. ಪೊಲೀಸರು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಬಸ್ಸು ತಡೆದು ನಾಲ್ವರನ್ನು ಹಿಡಿದರು. ಆ ವೇಗಕ್ಕೆ ಅವರನ್ನು ಮನಸಾರೆ ಮೆಚ್ಚಬೇಕು. ಆದರೆ ಆ ವೇಗ ಎಲ್ಲಿಂದ ಬಂತು? ಕೂಡಲೇ ಮಾಹಿತಿ ಸಿಕ್ಕಿತು, ಕೂಡಲೇ ದಾಖಲಾಯಿತು, ಒಂದು ಠಾಣೆಯಿಂದ ಇನ್ನೊಂದಕ್ಕೆ ಕೂಡಲೇ ಹೋಯಿತು. ದೊಡ್ಡ ಅಪರಾಧಕ್ಕೆ ಸಿಗುವ ಈ ಚುರುಕಿನಲ್ಲಿ ನೂರರಲ್ಲಿ ಒಂದು ಪಾಲಾದರೂ ಮುರಿದ ಲಾಕಿಗೆ ಸಿಗುತ್ತದೆಯೇ?

ಕದ್ದ ವಾಹನ ಬರೀ ಸೊತ್ತಲ್ಲ, ಅದು ಉಪಕರಣ. ಸರಗಳ್ಳ ಸ್ವಂತ ನಂಬರಿನ ಬೈಕಿನಲ್ಲಿ ಬರುವುದಿಲ್ಲ. 2025ರ ಜನವರಿ 17ರಂದು ಕೆ.ಸಿ. ರೋಡಿನಲ್ಲಿ ಕೋಟೆಕಾರು ಸಹಕಾರಿ ಬ್ಯಾಂಕ್ ಶಾಖೆಯನ್ನು ಹಾಡಹಗಲೇ ದೋಚಿದವರೂ ಕಾರಿಗೆ ಸುಳ್ಳು ನಂಬರ್ ಹಾಕಿಕೊಂಡೇ ಬಂದಿದ್ದರು. ನಿಮ್ಮ ಅಂಗಳದ ಸ್ಕೂಟರು ನಾಳೆ ಯಾವುದೋ ಓಣಿಯಲ್ಲಿ ಒಬ್ಬ ಹೆಂಗಸಿನ ಕುತ್ತಿಗೆಗೆ ಕೈಹಾಕುವವನ ಕೆಳಗೆ ಇರಬಹುದು. ನಂಬರು ನಿಮ್ಮದೇ. ಮೊದಲು ನಿಮ್ಮ ಮನೆಗೆ ಬರುವವರು ಪೊಲೀಸರು. ಆಗ ಹೇಳುತ್ತೀರಿ, ಹದಿನೈದು ದಿನದ ಹಿಂದೆಯೇ ಯಾರೋ ಲಾಕ್ ಮುರಿದಿದ್ದರು ಎಂದು. ದಾಖಲೆ ಎಲ್ಲಿ?

ಇನ್ನು ಭೂಗೋಳ ನೋಡಿ. ಹೆದ್ದಾರಿ 66ರಲ್ಲಿ ತೆಂಕಕ್ಕೆ ಹೊರಟರೆ ತಲಪಾಡಿ ದಾಟಿ ಬೇಗನೇ ಕಾಸರಗೋಡು ಜಿಲ್ಲೆ, ಬೇರೆ ರಾಜ್ಯ, ಬೇರೆ ಪೊಲೀಸರು. ಬಡಗಿಗೆ ಹೊರಟರೆ ಮೂಲ್ಕಿ ಕಳೆದು ಉಡುಪಿ ಜಿಲ್ಲೆ. ಹೆದ್ದಾರಿ 75 ಬಿ.ಸಿ. ರೋಡಿನ ಮೇಲೆ ಶಿರಾಡಿ ಘಾಟಿಗೆ ಒಯ್ಯುತ್ತದೆ, 169 ಮೂಡುಬಿದಿರೆ, ಕಾರ್ಕಳದ ಕಡೆಗೆ. ಇಷ್ಟು ದಾರಿಗಳಿರುವ ಊರಿನಲ್ಲಿ ಗಾಡಿ ಹೋದ ಮೇಲೆ ಹುಡುಕುವುದು ಎಷ್ಟು ಕಷ್ಟವೋ, ಹೋಗುವ ಮೊದಲಿನ ಸುಳಿವು ಅಷ್ಟೇ ಮುಖ್ಯ. ನೇತ್ರಾವತಿ ಸೇತುವೆಯ ಈಚೆ ಕಂಕನಾಡಿ ನಗರ ಠಾಣೆ, ಆಚೆ ಉಳ್ಳಾಲ ಠಾಣೆ. ಒಂದೇ ರಾತ್ರಿ ಪಂಪ್‌ವೆಲ್ಲಿನ ಬಳಿ ಒಂದು ಲಾಕ್ ಮುರಿದು, ತೊಕ್ಕೊಟ್ಟಿನಲ್ಲಿ ಇನ್ನೊಂದು ಮುರಿದು, ಎರಡು ಮನೆಯವರೂ "ಏನೂ ಹೋಗಲಿಲ್ಲವಲ್ಲ" ಎಂದು ಸುಮ್ಮನಾದರೆ, ಆ ಎರಡನ್ನೂ ಒಬ್ಬನೇ ಮಾಡಿದ್ದು ಎಂದು ಯಾವ ಅಧಿಕಾರಿಗೆ ತಿಳಿಯಬೇಕು? ದೇಶದ ಠಾಣೆಗಳನ್ನೆಲ್ಲ ಜೋಡಿಸಿದ ಸಿಸಿಟಿಎನ್‌ಎಸ್ ಜಾಲವಿದೆ. ಒಳಗೆ ಹಾಕದ ಮಾಹಿತಿಯನ್ನು ಯಾವ ಜಾಲವೂ ಹುಡುಕಿ ಕೊಡಲಾರದು.

ಈಗ ಠಾಣೆಯ ವಿಷಯ. ದೂರು ಕೊಡಲು ಹೋದವರಿಗೆ ಆಗುವುದೇನೆಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. "ಗಾಡಿ ನಿಮ್ಮ ಹತ್ತಿರವೇ ಇದೆಯಲ್ಲ?" "ಯಾರ ಮೇಲಾದರೂ ಸಂಶಯ ಇದೆಯಾ?" "ಒಂದು ಅರ್ಜಿ ಬರೆದುಕೊಟ್ಟು ಹೋಗಿ, ನೋಡುವ." ಅರ್ಜಿಗೆ ಒಂದು ಸೀಲು, ಹೆಚ್ಚೆಂದರೆ ಒಂದು ಹಿಂಬರಹ. ಎಫ್‌ಐಆರ್ ಇಲ್ಲ. ಸ್ಥಳಕ್ಕೆ ಯಾರೂ ಬರುವುದಿಲ್ಲ. ಲಾಕಿನ ಮೇಲಿದ್ದ ಬೆರಳಚ್ಚು ಸಂಜೆಯ ಮಳೆಗೆ ತೊಳೆದುಹೋಗುತ್ತದೆ.

ಇದು ಪೊಲೀಸರ ದಯೆಗೆ ಬಿಟ್ಟ ವಿಷಯವಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲೇ ಹೇಳಿದೆ: ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು. ಕಳವು ಸಂಜ್ಞೇಯ ಅಪರಾಧ. ಹೊಸ ಸಂಹಿತೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿಗಷ್ಟೇ ಬೇರೆ ದಾರಿ ಮಾಡಿದೆ, ಇಂದಿನ ಯಾವ ಸ್ಕೂಟರು ಆ ಬೆಲೆಯದು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ನೀವು ಹೋದ ಠಾಣೆ ದೂರು ತೆಗೆದುಕೊಳ್ಳಬೇಕು. ಇ-ಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಿದರಾಯಿತು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇಷ್ಟು ಸ್ಪಷ್ಟವಾದ ಹಕ್ಕನ್ನು ಕೈಯಲ್ಲಿಟ್ಟುಕೊಂಡು ನಾವು ಒಂದು ಸೀಲಿಗೆ ತೃಪ್ತಿಪಟ್ಟು ಮನೆಗೆ ಬರುತ್ತೇವೆ.

ಅರ್ಜಿಯಲ್ಲೇ ಮುಗಿಸುವ ಅಭ್ಯಾಸ ಎಲ್ಲಿಂದ ಬಂತು? ಎಫ್‌ಐಆರ್ ಹೆಚ್ಚಾದರೆ ಠಾಣೆಯ ಅಪರಾಧ ಸಂಖ್ಯೆ ಹೆಚ್ಚುತ್ತದೆ. ಸಂಖ್ಯೆ ಹೆಚ್ಚಿದರೆ ಅಧಿಕಾರಿ ಮೀಟಿಂಗಿನಲ್ಲಿ ಉತ್ತರ ಹೇಳಬೇಕು. ಪತ್ರಿಕೆಯವರು ನಗರದಲ್ಲಿ ಕಳ್ಳತನ ಹೆಚ್ಚಳ ಎಂದು ಬರೆಯುತ್ತಾರೆ. ಶಾಸಕರು ಫೋನು ಮಾಡುತ್ತಾರೆ. ಹಾಗಾಗಿ ಸಂಖ್ಯೆ ಕಡಿಮೆ ಇದ್ದರೆ ಎಲ್ಲರಿಗೂ ನೆಮ್ಮದಿ. ಆ ನೆಮ್ಮದಿಯಲ್ಲಿ ನಾಗರಿಕರೂ ಪಾಲುದಾರರು. ದೂರು ಕೊಡದ ನಾವು, ದಾಖಲಿಸದ ಠಾಣೆ, ಪ್ರಶ್ನಿಸದ ಜನಪ್ರತಿನಿಧಿ ಸೇರಿ ಕಾಗದದ ಮೇಲೆ ಒಂದು ಸುರಕ್ಷಿತ ನಗರವನ್ನು ಕಟ್ಟಿದ್ದೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಮನೆಮನೆಗೆ ಹೋಗಿ ನಿಮ್ಮ ವಾಹನ ಕದ್ದರೇ, ಕದಿಯಲು ಯತ್ನಿಸಿದರೇ ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ಪೊಲೀಸರ ಬಳಿ ಹೋಗದ ಅಪರಾಧವೂ ಅದರಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಮಂಗಳೂರಿಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಬಂದದ್ದು 2010ರಲ್ಲಿ. ಈ ಊರಿನ ಯಾವ ವಾರ್ಡಿನಲ್ಲಿ ಎಷ್ಟು ಗಾಡಿಗಳ ಲಾಕ್ ಮುರಿದಿದ್ದಾರೆ ಎಂದು ನಾಗರಿಕನೊಬ್ಬ ಇಂದು ತಿಳಿಯಬಯಸಿದರೆ ಎಲ್ಲಿ ನೋಡಬೇಕು?

ದೂರಿನ ಮಾತೆತ್ತಿದರೆ ಸಿಗುವ ಇನ್ನೊಂದು ಉತ್ತರ, "ಸಿಸಿಟಿವಿ ಹಾಕಿದ್ದೇವಲ್ಲ." ಕ್ಯಾಮೆರಾ ಬಾಗಿಲು ಮುಚ್ಚುವುದಿಲ್ಲ, ಗಾಡಿ ಹಿಡಿದುಕೊಳ್ಳುವುದಿಲ್ಲ, ನಿಮ್ಮನ್ನು ಎಬ್ಬಿಸುವುದೂ ಇಲ್ಲ. ನಡೆದದ್ದನ್ನು ಆಮೇಲೆ ತೋರಿಸುತ್ತದೆ, ಅದೂ ಸರಿಯಿದ್ದರೆ. ನಮ್ಮ ಮಳೆಗಾಲದ ರಾತ್ರಿಯಲ್ಲಿ ಆ ಕ್ಯಾಮೆರಾದ ಅವಗೆಂಪು ಬೆಳಕಿಗೆ ಹುಳ ಮುತ್ತುತ್ತವೆ, ಹುಳಕ್ಕಾಗಿ ಜೇಡ ಬಲೆ ಕಟ್ಟುತ್ತದೆ, ಮಳೆಹನಿ ಬಿಳಿ ಗೆರೆಯಾಗಿ ಕಾಣುತ್ತದೆ. ಮುಖ ಎಲ್ಲಿ ಕಂಡೀತು? ಕರೆಂಟು ಹೋದರೆ ಎಷ್ಟೋ ಮನೆಗಳಲ್ಲಿ ಅದೂ ಹೋಗುತ್ತದೆ. ರೆಕಾರ್ಡರ್ ಪೆಟ್ಟಿಗೆ ಟಿವಿಯ ಕೆಳಗೆ, ಒಳಗೆ ಬಂದವನ ಕೈಗೆ ಮೊದಲು ಸಿಗುವ ಜಾಗದಲ್ಲಿ ಇರುತ್ತದೆ. ಒಂದೇ ಸಮಯಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿಸಬೇಕು ಎಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಅಂಗಡಿ ಮಳಿಗೆ, ಆಸ್ಪತ್ರೆ, ಸಭಾಂಗಣಗಳಿಗೆ ಅದು ಅನ್ವಯಿಸುತ್ತದೆ. ಗೋಡೆಗೆ ಕ್ಯಾಮೆರಾ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ನಿನ್ನೆ ರಾತ್ರಿಯ ದೃಶ್ಯ ತೋರಿಸಿ ಎಂದು ಯಾರಾದರೂ ಹೋಗಿ ಕೇಳುತ್ತಾರೆಯೇ?

ಪಾರ್ಕಿಂಗ್ ಜಾಗದಲ್ಲಿ ತೂಗುಹಾಕಿದ ಫಲಕದ ಬಗ್ಗೆಯೂ ಹೇಳಬೇಕು. "ವಾಹನಗಳಿಗೆ ಮಾಲೀಕರೇ ಜವಾಬ್ದಾರರು." ದುಡ್ಡು ತೆಗೆದುಕೊಂಡು ಚೀಟಿ ಕೊಟ್ಟು, ಅದೇ ಚೀಟಿಯ ಹಿಂದೆ ಕೈತೊಳೆದುಕೊಳ್ಳುವ ಈ ಬರಹವನ್ನು ನಾವು ಕಾನೂನೆಂದು ನಂಬಿದ್ದೇವೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಒಬ್ಬರ ಮಾರುತಿ ಝೆನ್ ಕಳವಾಯಿತು. ಕೀಯನ್ನು ಹೋಟೆಲಿನ ಸಿಬ್ಬಂದಿಗೆ ಒಪ್ಪಿಸಿದ್ದರು. ಮಾಲೀಕರ ಹೊಣೆಯಲ್ಲೇ ಪಾರ್ಕಿಂಗ್ ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ, ತನ್ನ ವಶಕ್ಕೆ ಪಡೆದ ಕಾರಿನ ವಿಷಯದಲ್ಲಿ ಹೋಟೆಲು ತನ್ನ ನಿರ್ಲಕ್ಷ್ಯದಿಂದ ಪಾರಾಗಲಾರದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಕೀ ಕೊಟ್ಟ ಗ್ರಾಹಕ ಆ ಫಲಕ ನೋಡಿ ತಲೆ ತಗ್ಗಿಸಿ ಬರಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಇನ್ನೊಂದು ಮಾತು: "ಇದೆಲ್ಲ ಹೊರಗಿನವರ ಕೆಲಸ." ಕೋಟೆಕಣಿಯ ಪ್ರಕರಣದಲ್ಲಿ ಸಿಕ್ಕವರು ಮಧ್ಯಪ್ರದೇಶದವರು, ನಿಜ. ಅದಕ್ಕೆ ಕೆಲವೇ ವಾರ ಮೊದಲು, ಅದೇ ವರ್ಷದ ಜೂನ್‌ನಲ್ಲಿ, ಉಳಾಯಿಬೆಟ್ಟುವಿನ ಗುತ್ತಿಗೆದಾರರೊಬ್ಬರ ಮನೆಯಲ್ಲಿ ನಡೆದ ದರೋಡೆಯಲ್ಲಿ ಬಂಧಿತರಾದವರಲ್ಲಿ ಅವರ ಬಳಿಯೇ ಕೆಲಸ ಮಾಡುತ್ತಿದ್ದ ಸ್ಥಳೀಯನೂ ಇದ್ದ. ಕಳ್ಳನಿಗೆ ಊರಿಲ್ಲ, ಭಾಷೆಯಿಲ್ಲ. ಆದರೆ ಓಣಿಯಲ್ಲಿ ಒಂದು ಲಾಕ್ ಮುರಿದರೆ ಮೊದಲು ಸಂಶಯ ಬೀಳುವುದು ಕಟ್ಟಡ ಕೆಲಸಕ್ಕೆ ಬಂದ ಹುಡುಗರ ಮೇಲೆ. ಠಾಣೆಗೆ ಹೋಗಲು ಪುರಸೊತ್ತಿಲ್ಲದವರಿಗೆ ಯಾರದೋ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿ "ಈತನನ್ನು ಕಂಡರೆ ಬಿಡಬೇಡಿ" ಎಂದು ಬರೆಯಲು ಪುರಸೊತ್ತಿದೆ. ಗುಂಪಿನ ಕೈಗೆ ನ್ಯಾಯ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಈ ಊರು 2025ರ ಏಪ್ರಿಲ್‌ನಲ್ಲಿ ಕುಡುಪುವಿನ ಮೈದಾನದಲ್ಲಿ ಕಂಡಿದೆ. ಅಲ್ಲಿ ಹೇಳಿದ ನೆಪ ಬೇರೆ, ಆದರೆ ಹೊಡೆದು ಕೊಂದದ್ದು ಹೊರಗಿನಿಂದ ಬಂದ ಒಬ್ಬ ಮನುಷ್ಯನನ್ನು. ಕಣ್ಣೆದುರೇ ಕಳವು ಮಾಡುವವನನ್ನು ಹಿಡಿಯುವ ಅಧಿಕಾರ ನಾಗರಿಕರಿಗೂ ಇದೆ. ಹಿಡಿದವನನ್ನು ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ. ಕಂಬಕ್ಕೆ ಕಟ್ಟಿ ಹೊಡೆಯಲು ಯಾವ ಕಲಮೂ ಅಧಿಕಾರ ಕೊಟ್ಟಿಲ್ಲ. ದಾಖಲಾದ ದೂರು ನಿರಪರಾಧಿಯನ್ನೂ ಕಾಯುತ್ತದೆ, ಏಕೆಂದರೆ ಅದು ಗುಮಾನಿಯ ಜಾಗದಲ್ಲಿ ಸಾಕ್ಷ್ಯವನ್ನು ಕೇಳುತ್ತದೆ.

"ಕದಿಯುವವ ಹೇಗಿದ್ದರೂ ಕದಿಯುತ್ತಾನೆ" ಎಂಬ ವೇದಾಂತವೂ ಇದೆ. ಇದು ಸುಳ್ಳು, ಸುಳ್ಳೆಂದು ಸಾಬೀತಾಗಿ ಆರು ದಶಕವಾಯಿತು. ಪಶ್ಚಿಮ ಜರ್ಮನಿ 1963ರಲ್ಲಿ ಹೊಸತು ಹಳತು ಎಂಬ ಭೇದವಿಲ್ಲದೆ ಎಲ್ಲ ಕಾರುಗಳಿಗೂ ಸ್ಟೀರಿಂಗ್ ಲಾಕ್ ಕಡ್ಡಾಯ ಮಾಡಿತು. ಅಲ್ಲಿ ಕಾರುಗಳ್ಳತನ ಗಣನೀಯವಾಗಿ ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಕಳ್ಳರು ಹಳೆಯ ಕಾರುಗಳ ಕಡೆಗೆ ತಿರುಗಿದರು. ಕಳ್ಳ ಸುಲಭವಾದದ್ದನ್ನು ಆರಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? 1998ರಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ನಾವು ಲಕ್ಷ ರೂಪಾಯಿ ಕೊಟ್ಟು ಕೊಳ್ಳುವ ಸ್ಕೂಟರಿನ ಹ್ಯಾಂಡಲ್ ಲಾಕ್ ಕಾಲಿನಿಂದ ಜೋರಾಗಿ ಒದ್ದರೆ ಮುರಿಯುತ್ತದೆ ಎಂಬುದು ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನಿಗೂ ಗೊತ್ತು. ತಯಾರಕರಿಗೆ ಗೊತ್ತಿಲ್ಲವೇ? ಶೋರೂಮಿನಲ್ಲಿ ಮೊಬೈಲ್ ಚಾರ್ಜರಿನ ಬಗ್ಗೆ, ಡಿಜಿಟಲ್ ಮೀಟರಿನ ಬಗ್ಗೆ ಕೇಳುವ ನಾವು ಈ ಲಾಕ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಸರಕಾರದ ಕಡೆಯಿಂದಲೂ ಇದೇ ಉದಾಸೀನ. ಅನುಮತಿಯಿಲ್ಲದೆ ಬೇರೆಯವರ ನಿಂತ ವಾಹನ ಹತ್ತುವುದು, ಕದಲಿಸುವುದು, ಅದರ ಬ್ರೇಕು ಅಥವಾ ಯಂತ್ರದ ಭಾಗ ಕೆದಕುವುದು ಮೋಟಾರು ವಾಹನ ಕಾಯ್ದೆಯ 198ನೇ ಕಲಮಿನ ಪ್ರಕಾರ ಅಪರಾಧ. ಶಿಕ್ಷೆ? 2019ರ ತಿದ್ದುಪಡಿಯ ನಂತರ ಹೆಚ್ಚೆಂದರೆ 1,000 ರೂಪಾಯಿ ದಂಡ. ಅದಕ್ಕೆ ಮೊದಲು 100. ಬ್ರಿಟನ್ನಿನ 1981ರ ಕಾಯ್ದೆಯಲ್ಲಿ ಇಂಥದೇ ಕೃತ್ಯಕ್ಕೆ ಮೂರು ತಿಂಗಳವರೆಗೆ ಜೈಲು ಇದೆ. ಹಳೆಯ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಬೇಕೆಂದು 2023ರಲ್ಲಿ ಆದೇಶ ಬಂತು, ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಸುಲಭವಾಗಿ ಬಿಚ್ಚಲಾಗದ, ಲೇಸರ್ ಸಂಖ್ಯೆ ಕೊರೆದ ಆ ಫಲಕ ಇರುವುದೇ ನಂಬರ್ ಬದಲಿಸುವವನನ್ನು ತಡೆಯಲು. ಅದನ್ನು ದಂಡಕ್ಕೆ ಹೆದರಿ ಹಾಕಿಸುವ ಉಪದ್ರ ಎಂದು ಎಣಿಸಿದ್ದು ನಾವು.

ಮನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಯಾರ ಅನುಮತಿಯೂ ಬೇಕಾಗಿಲ್ಲ. ಮಂಗಳೂರಿನ ಮನೆಗಳು ಮುಂದಿನಿಂದ ಕೋಟೆ, ಹಿಂದಿನಿಂದ ಬಯಲು. ಮುಂಬಾಗಿಲು ತೇಗದ್ದು, ಕೆತ್ತನೆಯದ್ದು, ಮೂರು ಚಿಲಕದ್ದು. ಹಿಂದೆ ಅಡುಗೆಮನೆಯ ಬಾಗಿಲಿಗೆ ಮಳೆಗೆ ಉಬ್ಬಿ ಸರಿಯಾಗಿ ಕೂರದ ಒಂದು ಅಗುಳಿ. ಹಂಚಿನ ಮಾಡಾದರೆ ನಾಲ್ಕು ಹಂಚು ಸರಿಸಿದರೆ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಬಾಗಿಲು ಒಡೆದರೂ ಕೇಳುವುದಿಲ್ಲ. ಕೋಟೆಕಣಿಯದೂ ಉಳಾಯಿಬೆಟ್ಟುವಿನದೂ ಮಳೆಗಾಲದಲ್ಲೇ ನಡೆದವು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಅವರಿಗೆ ವರ್ಷಕ್ಕೊಮ್ಮೆ ಹೊಸ ಟಿವಿ ಕಳುಹಿಸುವ ಮಕ್ಕಳು ಹಿಂಬಾಗಿಲಿಗೆ ಒಂದು ಕಬ್ಬಿಣದ ಗ್ರಿಲ್ ಹಾಕಿಸಲು ಯಾಕೆ ಕಾಯುತ್ತಿದ್ದಾರೆ? ಕಾರಿನ ಕೀ ಬಾಗಿಲ ಪಕ್ಕದ ಮೊಳೆಗೆ, ಕಿಟಕಿಯಿಂದ ಕೋಲು ತೂರಿಸಿದರೆ ಸಿಗುವಂತೆ ನೇತಾಡುತ್ತಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಲಾಕ್ ಸೆಟ್ ಬದಲಿಸುವುದೇ ಇಲ್ಲ. ಹಳೆಯ ಮಾಲೀಕನ ಎರಡನೆಯ ಕೀ ಯಾರ ಕೈಯಲ್ಲಿದೆಯೋ ಕೇಳುವುದಿಲ್ಲ. ಚಕ್ರಕ್ಕೊಂದು ಡಿಸ್ಕ್ ಲಾಕ್, ಇಲ್ಲವೇ ನೆಲಕ್ಕೆ ಕಾಂಕ್ರೀಟ್ ಮಾಡಿ ಹೂತ ಬಳೆಗೆ ಕಟ್ಟುವ ದಪ್ಪ ಸರಪಳಿ, ಗೇಟಿಗೊಂದು ಬೀಗ, ರಾತ್ರಿಯಿಡೀ ಉರಿಯುವ ಒಂದು ಎಲ್‌ಇಡಿ ದೀಪ, ಹೊರಗೆ ಬಿಟ್ಟ ಏಣಿ ಹಾರೆಗಳನ್ನು ಒಳಗಿಡುವುದು. ಇವುಗಳಲ್ಲಿ ಯಾವುದು ನಮ್ಮ ಕೈಗೆ ಎಟುಕದ್ದು?

ನಡುರಾತ್ರಿ ಹೊರಗೆ ಸದ್ದಾದರೆ ಬಾಗಿಲು ತೆರೆದು ಹೋಗಬೇಡಿ. ದೀಪಗಳನ್ನೆಲ್ಲ ಹಾಕಿ, ಒಳಗಿನಿಂದಲೇ ಗದ್ದಲ ಮಾಡಿ, 112ಕ್ಕೆ ಕರೆಮಾಡಿ, ಪಕ್ಕದ ಮನೆಯವರನ್ನು ಫೋನಿನಲ್ಲಿ ಎಬ್ಬಿಸಿ. ಗಾಡಿ ಹೋದರೆ ಹೋಗಲಿ, ಜೀವ ಉಳಿಯಲಿ. ಬೆಳಗಾದ ಮೇಲೆ ಮುರಿದ ಲಾಕನ್ನು ಒರೆಸಬೇಡಿ, ಕೀ ತುರುಕಿ ನೋಡಬೇಡಿ, ಗಾಡಿಯನ್ನು ಎತ್ತಿ ನಿಲ್ಲಿಸುವ ಮೊದಲು ಫೋಟೋ ತೆಗೆಯಿರಿ. ಆರ್‌ಸಿಯ ಪ್ರತಿ, ಎಂಜಿನ್ ಮತ್ತು ಚಾಸಿ ಸಂಖ್ಯೆ, ಕೊನೆಯದಾಗಿ ಗಾಡಿ ಸರಿಯಿದ್ದುದನ್ನು ನೋಡಿದ ಹೊತ್ತು, ಇಷ್ಟನ್ನು ಬರೆದುಕೊಂಡು ಠಾಣೆಗೆ ಹೋಗಿ. ವಿಮೆಯ ದೃಷ್ಟಿಯಿಂದಲೂ ಇದು ಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಕಳವಿಗೆ ಒಂದು ಪೈಸೆ ಕೊಡುವುದಿಲ್ಲ. ಪೂರ್ಣ ಪಾಲಿಸಿಯಲ್ಲಿ ವಾಹನವನ್ನು ಕಾಪಾಡಲು ಸಾಕಷ್ಟು ಎಚ್ಚರಿಕೆ ವಹಿಸಬೇಕೆಂಬ ಷರತ್ತಿದೆ. ಒಮ್ಮೆ ಮುರಿದ ಲಾಕನ್ನು ಹಾಗೆಯೇ ಬಿಟ್ಟು, ದೂರನ್ನೂ ಕೊಡದೆ, ಎರಡನೆಯ ಸಲ ಗಾಡಿಯೇ ಹೋದಾಗ ಪರಿಹಾರ ಕೇಳಲು ಹೋದವರಿಗೆ ಯಾವ ಪ್ರಶ್ನೆ ಎದುರಾದೀತು?

ನಗರ ಪೊಲೀಸ್ ಕಮಿಷನರರಿಂದ ನಾವು ಕೇಳಬೇಕಾದದ್ದು ಇದು. ವಾಹನ ಕಳವಿನ ಪ್ರತಿಯೊಂದು ಯತ್ನಕ್ಕೂ ಎಫ್‌ಐಆರ್ ಆಗಬೇಕು. ಅರ್ಜಿ ಬರೆಸಿಕೊಂಡು ಕಳುಹಿಸಿದ ಅಧಿಕಾರಿ ಲಿಖಿತವಾಗಿ ಕಾರಣ ಕೊಡಬೇಕು. ಯತ್ನ ನಡೆದ ಮನೆಗೆ ಬೀಟ್ ಸಿಬ್ಬಂದಿ ಎರಡು ದಿನದೊಳಗೆ ಹೋಗಿ, ಸುತ್ತಲಿನ ಆರು ಮನೆಯವರಿಗೆ ವಿಷಯ ತಿಳಿಸಿ ಬರಬೇಕು. ಉರ್ವ, ಬರ್ಕೆ, ಕದ್ರಿ, ಪಾಂಡೇಶ್ವರ, ಕಾವೂರು, ಪಣಂಬೂರು, ಸುರತ್ಕಲ್, ಕೊಣಾಜೆ, ಯಾವ ಠಾಣೆಯಾದರೂ ಸರಿ, ತನ್ನ ವ್ಯಾಪ್ತಿಯಲ್ಲಿ ಆ ತಿಂಗಳು ನಡೆದ ಕಳವು ಮತ್ತು ಯತ್ನಗಳ ಸಂಖ್ಯೆಯನ್ನು ವಾರ್ಡ್‌ವಾರು ಬರೆದು ಠಾಣೆಯ ಬಾಗಿಲಿಗೆ ಅಂಟಿಸಬೇಕು. ಸಂಖ್ಯೆ ಏರಿದ್ದಕ್ಕೆ ಅಧಿಕಾರಿಯನ್ನು ಗದರುವುದನ್ನು ನಿಲ್ಲಿಸಿ, ಏರಿದ ಸಂಖ್ಯೆಗೆ ಏನು ಮಾಡಿದಿರಿ ಎಂದು ಕೇಳಬೇಕು. ನಗರಪಾಲಿಕೆ ಆ ಪಟ್ಟಿ ಹಿಡಿದು, ಯತ್ನ ನಡೆದ ಓಣಿಯ ಬೀದಿದೀಪವನ್ನು ಅದೇ ವಾರ ಸರಿಮಾಡಬೇಕು. ನಮ್ಮ ಸಂಸದರು 198ನೇ ಕಲಮಿನ ಸಾವಿರ ರೂಪಾಯಿಯ ದಂಡವನ್ನು ಬದಲಿಸಲು, ದ್ವಿಚಕ್ರ ವಾಹನಗಳ ಲಾಕಿಗೆ ಕಟ್ಟುನಿಟ್ಟಿನ ಮಾನದಂಡ ತರಲು ಲೋಕಸಭೆಯಲ್ಲಿ ಎದ್ದು ನಿಲ್ಲಬೇಕು.

ಇದರಲ್ಲಿ ಒಂದೂ ತಾನಾಗಿ ಆಗುವುದಿಲ್ಲ. ದೂರುಗಳ ರಾಶಿ ಬಿದ್ದರೆ ಮಾತ್ರ ಆಗುತ್ತದೆ. ಕಳೆದ ಮಳೆಗಾಲದಲ್ಲಿ ನಿಮ್ಮ ಗಾಡಿಯ ಲಾಕ್ ಮುರಿದಿತ್ತೇ? ಹಿಂಬಾಗಿಲಿನ ಅಗುಳಿ ಯಾರೋ ಮೀಟಿದ ಗುರುತು ಕಂಡಿತ್ತೇ? ಆ ದಿನಾಂಕ, ಆ ಹೊತ್ತು ನೆನಪಿದ್ದರೆ ಇಂದೇ ಬರೆಯಿರಿ. ಎರಡು ಪ್ರತಿ ಮಾಡಿ. ನಿಮ್ಮ ಠಾಣೆಗೆ ಹೋಗಿ, ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಬೆಂಚಿನಿಂದ ಏಳಬೇಡಿ.